ಬಿಸಿಲಲ್ಲಿ ಆಟ: ಶಾಖದ ಲೆಕ್ಕ ತಪ್ಪುವುದೆಲ್ಲಿ?

ಬೇಸಿಗೆಯಲ್ಲಿ ಆಡುವವರಿಗೆ ಎಲ್ಲರೂ ಹೇಳುವ ಮಾತು ಒಂದೇ: ನೀರು ಚೆನ್ನಾಗಿ ಕುಡಿಯಿರಿ. ಮಾತು ತಪ್ಪಲ್ಲ, ಆದರೆ ಅರ್ಧದ್ದು. ಸಾಕಷ್ಟು ನೀರು ಕುಡಿದ ಆಟಗಾರರೂ ಹೀಟ್ ಸ್ಟ್ರೋಕ್‌ನಿಂದ ಕುಸಿದು ಬೀಳುತ್ತಾರೆ. ಅಷ್ಟೇನೂ ಸುಡದ ದಿನ, ಅಭ್ಯಾಸ ಶುರುವಾಗಿ ಅರ್ಧ ಗಂಟೆಯೂ ಆಗಿರದ ಹೊತ್ತಿಗೆ, ಬಾಯಾರಿಕೆ ಕಾಣಿಸಿಕೊಳ್ಳುವ ಮೊದಲೇ ಹೀಗಾಗಬಹುದು. ಏಕೆಂದರೆ ಆಟಗಾರನಿಗೆ ಅಪಾಯ ತರುವ ಶಾಖದ ಬಹುಪಾಲು ಸೂರ್ಯನಿಂದ ಬರುವುದಿಲ್ಲ, ಅವನ ಸ್ನಾಯುಗಳಿಂದಲೇ ಬರುತ್ತದೆ. ಹೊರಗಿನ ಬಿಸಿಲು, ಸೆಕೆ ಮಾಡುವುದಿಷ್ಟೇ: ಆ ಶಾಖ ಹೊರಹೋಗುವ ದಾರಿಗಳನ್ನು ಮುಚ್ಚುತ್ತವೆ. ಆದ್ದರಿಂದ ಮೊದಲು ಹಿಡಿತಕ್ಕೆ ತರಬೇಕಾದದ್ದು ಆಟದ ವೇಗ ಮತ್ತು ವಿಶ್ರಾಂತಿ. ನೀರಿನ ಬಾಟಲಿಯ ಸರದಿ ಅದರ ನಂತರ.

ಐದು ನಿಮಿಷಕ್ಕೆ ಒಂದು ಡಿಗ್ರಿ

ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಓಟವಾಗಿ, ಒದೆತವಾಗಿ, ಎಸೆತವಾಗಿ ಹೊರಬರುವುದು ಹೆಚ್ಚೆಂದರೆ ಕಾಲುಭಾಗ. ಮಿಕ್ಕದ್ದೆಲ್ಲ ಶಾಖ. 70 ಕಿಲೋ ತೂಕದವರೊಬ್ಬರು ಜೋರಾಗಿ ಓಡುವಾಗ ಮೈಯೊಳಗೆ ಸುಮಾರು 800 ವ್ಯಾಟ್ ಶಾಖ ಹುಟ್ಟುತ್ತದೆ, ಅಂದರೆ ಸೆಕೆಂಡಿಗೆ 800 ಜೌಲ್. ಅಷ್ಟು ತೂಕದ ದೇಹದ ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಲು ಬೇಕಾಗುವುದು ಸುಮಾರು 245 ಕಿಲೋಜೌಲ್. ಭಾಗಿಸಿ ನೋಡಿದರೆ, ಶಾಖ ಹೊರಹೋಗದೇ ಉಳಿದಲ್ಲಿ ಐದೇ ನಿಮಿಷಕ್ಕೆ ಒಂದು ಡಿಗ್ರಿ ಏರಿಕೆ. 37ರಿಂದ 40 ಮುಟ್ಟಲು ಕಾಲು ಗಂಟೆ ಸಾಕು. ಅದೇ ವ್ಯಕ್ತಿ ನಡೆಯುತ್ತಿದ್ದರೆ ಹುಟ್ಟುವ ಶಾಖ ಇದರ ಮೂರನೇ ಒಂದು ಭಾಗದಷ್ಟು ಮಾತ್ರ. ವೇಗ ತಗ್ಗಿಸುವುದಕ್ಕಿಂತ ಬೇಗ ಕೆಲಸ ಮಾಡುವ ಉಪಾಯ ಮೈದಾನದಲ್ಲಿ ಇನ್ನೊಂದಿಲ್ಲ ಎನ್ನುವುದು ಇದಕ್ಕೇ.

ಈ ಶಾಖ ರಕ್ತದ ಮೂಲಕ ಚರ್ಮಕ್ಕೆ ಬಂದು ಅಲ್ಲಿಂದ ಹೊರಹೋಗಬೇಕು. ಆಟದ ನಡುವೆ ಚರ್ಮದ ತಾಪಮಾನ ಸಾಮಾನ್ಯವಾಗಿ 33ರಿಂದ 35 ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಯ ಬಿಸಿ ಗಾಳಿಗೆ ಹೋಗುತ್ತದೆ; ಗಾಳಿಯೇ 38 ಇದ್ದರೆ ಹರಿವು ತಿರುಗಿ ಹೊರಗಿನ ಬಿಸಿಯೇ ಮೈಗೆ ಸೇರುತ್ತದೆ. ಆಗ ಉಳಿಯುವುದು ಒಂದೇ ದಾರಿ, ಬೆವರು ಆರುವುದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2,400 ಕಿಲೋಜೌಲ್ ಶಾಖವನ್ನು ಹೊತ್ತೊಯ್ಯುತ್ತದೆ. 800 ವ್ಯಾಟ್ ಶಾಖವನ್ನು ಬೆವರಿನಿಂದಲೇ ಕಳೆಯಬೇಕೆಂದರೆ ಗಂಟೆಗೆ 1.2 ಲೀಟರ್ ಆರಬೇಕು. ಸುರಿಯುವುದಲ್ಲ, ಆರುವುದು. ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ಒಂದಿಷ್ಟೂ ತಣಿಸುವುದಿಲ್ಲ. ಹೋದದ್ದು ನೀರು, ಉಪ್ಪು ಅಷ್ಟೆ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದಾಗ ಆಗುವುದು ಇದೇ. ಒಣಹವೆಯ 38 ಡಿಗ್ರಿಗಿಂತ ಜಿಗುಟು ಸೆಕೆಯ 31 ಡಿಗ್ರಿ ಹೆಚ್ಚು ಅಪಾಯಕಾರಿಯಾಗಲು ಸಾಧ್ಯ.

ಹೃದಯದ ಪಾಡೂ ಇಲ್ಲಿ ಮುಖ್ಯ. ಸ್ನಾಯುಗಳಿಗೆ ಆಮ್ಲಜನಕಕ್ಕಾಗಿ ರಕ್ತ ಬೇಕು, ಚರ್ಮಕ್ಕೆ ಶಾಖ ಸಾಗಿಸಲು ರಕ್ತ ಬೇಕು. ಇರುವ ರಕ್ತ ಮಾತ್ರ ಅಷ್ಟೇ. ಬೆವರಿನಿಂದ ಅದೂ ಕಡಿಮೆಯಾಗುತ್ತ ಹೋದಾಗ, ದೇಹದ ತೂಕದ ಒಂದು ಶೇಕಡಾ ನೀರು ಕಳೆದಂತೆಲ್ಲ ಹೃದಯದ ಬಡಿತ ನಿಮಿಷಕ್ಕೆ ಮೂರರಿಂದ ಐದರಷ್ಟು ಏರುತ್ತದೆ. ನಿನ್ನೆ ತಂಪಿನಲ್ಲಿ ಸಲೀಸಾಗಿದ್ದ ವೇಗ ಇವತ್ತು ಏದುಸಿರು ತರಿಸುವುದು ಮನೋಬಲ ಕಡಿಮೆಯಾಗಿ ಅಲ್ಲ. ಬಿಸಿಲಿನ ದಿನ ಗಡಿಯಾರದ ವೇಗ ನೋಡಿ ಓಡಬಾರದು, ನಾಡಿಬಡಿತ ಮತ್ತು ಉಸಿರು ನೋಡಿ ಓಡಬೇಕು.

ಹವಾಮಾನ ವರದಿಯ ಅಂಕಿ ಸಾಲದು

ವರದಿಯಲ್ಲಿ ಬರುವ '33 ಡಿಗ್ರಿ' ನೆರಳಿನಲ್ಲಿಟ್ಟ ತಾಪಮಾಪಕದ ಅಂಕಿ. ಅದರಲ್ಲಿ ನೇರ ಬಿಸಿಲಿಲ್ಲ, ತೇವಾಂಶವಿಲ್ಲ, ಗಾಳಿಯ ಬೀಸಿಲ್ಲ. ಇವೆಲ್ಲವನ್ನೂ ಒಂದೇ ಅಂಕಿಯಲ್ಲಿ ಹಿಡಿಯಲು 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಿಗಾಗಿ ರೂಪಿಸಿದ ಅಳತೆಯೇ ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್, ಚಿಕ್ಕದಾಗಿ ಡಬ್ಲ್ಯುಬಿಜಿಟಿ. ಇದಕ್ಕೆ ಮೂರು ತಾಪಮಾಪಕಗಳು: ಒದ್ದೆ ಬತ್ತಿ ಸುತ್ತಿದ್ದು ಒಂದು, ಕಪ್ಪು ಲೋಹದ ಗೋಳದೊಳಗಿನದು ಇನ್ನೊಂದು, ನೆರಳಿನ ಸಾದಾ ತಾಪಮಾಪಕ ಮೂರನೆಯದು. ಬಯಲಿನಲ್ಲಿ ಒದ್ದೆಯದಕ್ಕೆ ಶೇ 70, ಗೋಳಕ್ಕೆ ಶೇ 20, ಸಾದಾ ಗಾಳಿಗೆ ಶೇ 10 ತೂಕ ಕೊಟ್ಟು ಕೂಡುತ್ತಾರೆ. ಒಳಾಂಗಣವಾದರೆ ಒದ್ದೆಯದಕ್ಕೆ 70, ಗೋಳಕ್ಕೆ 30. ಗಾಳಿಯ ತಾಪಮಾನಕ್ಕೆ ಸಿಗುವುದು ಹತ್ತೇ ಪಾಲು ಎಂಬುದನ್ನು ಗಮನಿಸಬೇಕು.

ಉದಾಹರಣೆಗೆ ಎರಡು ಮೈದಾನಗಳು. ಎರಡರಲ್ಲೂ ಗಾಳಿ 33 ಡಿಗ್ರಿ, ಬಿಸಿಲಿನಲ್ಲಿ ಕಪ್ಪು ಗೋಳ 45 ಡಿಗ್ರಿ. ಮೊದಲನೆಯದರಲ್ಲಿ ತೇವಾಂಶ ಶೇ 30; ಒದ್ದೆ ತಾಪಮಾಪಕ 21ರ ಆಸುಪಾಸಿನಲ್ಲಿರುತ್ತದೆ, ಡಬ್ಲ್ಯುಬಿಜಿಟಿ 27. ಎರಡನೆಯದರಲ್ಲಿ ತೇವಾಂಶ ಶೇ 75. ಒದ್ದೆಯದು 29, ಡಬ್ಲ್ಯುಬಿಜಿಟಿ 32.6. ಮೊದಲ ಮೈದಾನದಲ್ಲಿ ವಿಶ್ರಾಂತಿ ಕೊಡುತ್ತ ಅಭ್ಯಾಸ ನಡೆಸಬಹುದು. ಎರಡನೆಯದರಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವೇ ಆದರೂ ನೀರಿನ ವಿರಾಮಕ್ಕೆ ನಿಲ್ಲಬೇಕು: ಫಿಫಾ ಇದಕ್ಕೆ ಇಟ್ಟ ಮಿತಿ 32. 2014ರ ವಿಶ್ವಕಪ್‌ನಲ್ಲಿ ನೆದರ್ಲೆಂಡ್ಸ್ ಮತ್ತು ಮೆಕ್ಸಿಕೊ ತಂಡಗಳು ಫೋರ್ಟಲೆಜಾದಲ್ಲಿ ಆಡಿದಾಗ ಪಂದ್ಯ ಹೀಗೆ ನಿಂತಿತ್ತು. ಆಸ್ಟ್ರೇಲಿಯನ್ ಓಪನ್ ಟೆನಿಸ್ 2019ರಿಂದ ಒಂದರಿಂದ ಐದರವರೆಗಿನ ತನ್ನದೇ ಮಾಪಕ ಬಳಸುತ್ತಿದೆ; ಐದು ಮುಟ್ಟಿದರೆ ತೆರೆದ ಅಂಗಣದ ಆಟ ನಿಲ್ಲುತ್ತದೆ.

ಅಭ್ಯಾಸದ ವೇಳೆಗೆ ನೇರವಾಗಿ ಅನ್ವಯಿಸಬಹುದಾದ ಪಟ್ಟಿಗಳಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಶಾಲಾ ಕ್ರೀಡೆಗಳದು ತುಂಬ ಸ್ಪಷ್ಟವಾಗಿದೆ. ಡಬ್ಲ್ಯುಬಿಜಿಟಿ ಸುಮಾರು 28 ದಾಟುವವರೆಗೆ ಮಾಮೂಲು ಅಭ್ಯಾಸ, ಗಂಟೆಗೆ ಮೂರು ವಿರಾಮ. 28ರಿಂದ 30.5ರವರೆಗೆ ಗಂಟೆಗೆ ಮೂರು ಸಲ ತಲಾ ನಾಲ್ಕು ನಿಮಿಷದ ವಿರಾಮ. ಅಲ್ಲಿಂದ 32ರವರೆಗೆ ಒಟ್ಟು ಅಭ್ಯಾಸ ಎರಡು ಗಂಟೆ ಮೀರಬಾರದು, ಗಂಟೆಗೆ ನಾಲ್ಕು ವಿರಾಮ. 32 ದಾಟಿ 33.3ರವರೆಗೆ ಒಂದೇ ಗಂಟೆ, ಅದರಲ್ಲಿ 20 ನಿಮಿಷ ವಿಶ್ರಾಂತಿ, ಹೆಲ್ಮೆಟ್ ಪ್ಯಾಡ್ ಯಾವುದೂ ಇಲ್ಲ. ಅದರಾಚೆಗೆ ಹೊರಾಂಗಣ ಅಭ್ಯಾಸವೇ ಇಲ್ಲ. ಇದು ಶಾಖಕ್ಕೆ ಒಗ್ಗಿದವರ ಲೆಕ್ಕ. ಇನ್ನೂ ಒಗ್ಗದವರಿಗೆ ಪ್ರತಿ ಮಿತಿಯನ್ನೂ ಸುಮಾರು ಎರಡು ಡಿಗ್ರಿ ಕೆಳಗೆ ಎಳೆದುಕೊಳ್ಳುವುದು ಕ್ಷೇಮ.

ಕೈಯಲ್ಲಿ ಹಿಡಿಯುವ ಡಬ್ಲ್ಯುಬಿಜಿಟಿ ಮಾಪಕಗಳು ಸಿಗುತ್ತವೆ. ತಂಡ ನಡೆಸುವವರ ಬಳಿ ಒಂದು ಇರಲೇಬೇಕು. ಎದೆಯ ಎತ್ತರದಲ್ಲಿ, ಆಡುವ ಜಾಗದಲ್ಲೇ, ಬಿಸಿಲಿಗೆ ಒಡ್ಡಿ ಇಡಬೇಕು. ಫೋನಿನ ಆ್ಯಪ್ ತೋರಿಸುವುದು ದೂರದ ಹವಾಮಾನ ಕೇಂದ್ರದಿಂದ ಲೆಕ್ಕಹಾಕಿದ ಅಂದಾಜು. 'ಹೀಟ್ ಇಂಡೆಕ್ಸ್' ಎಂಬ ಇನ್ನೊಂದು ಅಂಕಿಯನ್ನೂ ವರದಿಗಳು ಕೊಡುತ್ತವೆ, ಆದರೆ ಅದು ನೆರಳಿನಲ್ಲಿ ನಿಧಾನ ನಡೆಯುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಬಿಸಿಲಲ್ಲಿ ಓಡುವವರ ಅಪಾಯವನ್ನು ಕಡಿಮೆ ಮಾಡಿ ತೋರಿಸುತ್ತದೆ.

ವೇಳೆ ಬದಲಿಸುವುದು ಒಳ್ಳೆಯದೇ, ಆದರೆ ಅದರ ಮಿತಿ ತಿಳಿದಿರಲಿ. ಗಾಳಿ ಅತಿ ಬಿಸಿಯಾಗುವುದು ನಡು ಮಧ್ಯಾಹ್ನಕ್ಕಲ್ಲ, ಎರಡರಿಂದ ನಾಲ್ಕು ಗಂಟೆಯ ನಡುವೆ. ಸೂರ್ಯೋದಯದ ಹೊತ್ತು ಒಟ್ಟಾರೆ ಹಿತ, ಆದರೂ ಆಗ ಗಾಳಿಯ ತೇವಾಂಶ ದಿನದ ಗರಿಷ್ಠ ಮಟ್ಟದಲ್ಲಿರುವುದರಿಂದ ಬೆವರು ನಿರೀಕ್ಷಿಸಿದಷ್ಟು ಆರುವುದಿಲ್ಲ. ರಾತ್ರಿಯೂ ಎಲ್ಲವನ್ನೂ ಸರಿಪಡಿಸುವುದಿಲ್ಲ. 2019ರ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ದೋಹಾದ ಮಹಿಳಾ ಮ್ಯಾರಥಾನ್ ಶುರುವಾದದ್ದೇ ನಡುರಾತ್ರಿ. ಬಿಸಿಲಿನ ಸುಳಿವಿರಲಿಲ್ಲ, ಗಾಳಿ 32 ಡಿಗ್ರಿಯ ಆಸುಪಾಸಿನಲ್ಲಿತ್ತು, ತೇವಾಂಶ ಮಾತ್ರ ಶೇ 70 ಮೀರಿತ್ತು. ಹೊರಟ 68 ಜನರಲ್ಲಿ 28 ಮಂದಿ ಓಟ ಮುಗಿಸಲಿಲ್ಲ, ಅದೂ ಲೋಕದ ಅತ್ಯುತ್ತಮ ಓಟಗಾರ್ತಿಯರಲ್ಲಿ.

ನೆಲವನ್ನೂ ಮುಟ್ಟಿ ನೋಡಬೇಕು. ಕೃತಕ ಹುಲ್ಲಿನ ಮೇಲ್ಮೈ ಬಿಸಿಲಿನಲ್ಲಿ 60 ಡಿಗ್ರಿ ದಾಟಬಲ್ಲದು. ಪಕ್ಕದ ನಿಜವಾದ ಹುಲ್ಲು ಅದರ ಹತ್ತಿರಕ್ಕೂ ಬರುವುದಿಲ್ಲ. ಮುಚ್ಚಿದ ಒಳಾಂಗಣದಲ್ಲಿ ಬಿಸಿಲಿಲ್ಲದಿದ್ದರೂ ಗಾಳಿಯೂ ಇಲ್ಲ, ಆಡುವವರ ಬೆವರೇ ಅಲ್ಲಿನ ತೇವಾಂಶ ಏರಿಸುತ್ತದೆ. ಕಿಟಕಿ ತೆರೆದು ದೊಡ್ಡ ಫ್ಯಾನ್ ಹಾಕಿದರೆ ಎಷ್ಟೋ ವಾಸಿ.

ಮೊದಲ ಎರಡು ವಾರ

ಶಾಖದಿಂದ ಆಗುವ ಅನಾಹುತಗಳು ಋತುವಿನ ಮೊದಲ ಕೆಲವು ದಿನಗಳಲ್ಲೇ ಹೆಚ್ಚು. ರಜೆ ಮುಗಿಸಿ ಬಂದವರು, ತಂಪು ಪ್ರದೇಶದಿಂದ ಟೂರ್ನಿಗೆಂದು ಬಂದವರು, ಗಾಯದಿಂದ ಚೇತರಿಸಿಕೊಂಡು ಮರಳಿದವರು, ಇವರೆಲ್ಲ ಆ ಗುಂಪಿಗೆ ಸೇರುತ್ತಾರೆ. ದೇಹ ಶಾಖಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ತನ್ನದೇ ಗತಿಯಲ್ಲಿ. ಮೊದಲ ಮೂರರಿಂದ ಆರು ದಿನಗಳಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೆಚ್ಚುತ್ತದೆ, ಅದೇ ಕೆಲಸಕ್ಕೆ ಹೃದಯದ ಬಡಿತ ಇಳಿಯುತ್ತದೆ. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಸುರಿಯುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಪೂರ್ತಿ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮನೆಯೊಳಗೆ ಕುಳಿತು ಇದು ಬರುವುದಿಲ್ಲ. ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಬಿಸಿಯಲ್ಲೇ, ಬೆವರು ಬರುವಷ್ಟು ಮೈ ದುಡಿಸಬೇಕು. ಬಿಟ್ಟರೆ ಎರಡು ಮೂರು ವಾರದಲ್ಲಿ ಬಹುಪಾಲು ಕಳೆದುಹೋಗುತ್ತದೆ.

ಅಮೆರಿಕದ ಶಾಲಾ ಫುಟ್‌ಬಾಲ್‌ಗೆ (ಹೆಲ್ಮೆಟ್, ಪ್ಯಾಡ್ ತೊಟ್ಟು ಆಡುವ ಅಲ್ಲಿನ ಆಟ, ಫಿಫಾದ ಫುಟ್‌ಬಾಲ್ ಅಲ್ಲ) ಅಲ್ಲಿನ ಕ್ರೀಡಾ ತರಬೇತುದಾರರ ರಾಷ್ಟ್ರೀಯ ಸಂಘ 2009ರಲ್ಲಿ ಕೊಟ್ಟ ಹದಿನಾಲ್ಕು ದಿನಗಳ ಕ್ರಮ ಯಾವ ಆಟಕ್ಕಾದರೂ ಮಾದರಿ. ಮೊದಲ ಐದು ದಿನ ದಿನಕ್ಕೆ ಒಂದೇ ಅಭ್ಯಾಸ, ಒಟ್ಟು ಮೂರು ಗಂಟೆ ಮೀರದಂತೆ. ಒಂದು ಎರಡನೇ ದಿನ ಹೆಲ್ಮೆಟ್ ಮಾತ್ರ. ಮೂರರಿಂದ ಐದನೇ ದಿನದವರೆಗೆ ಹೆಲ್ಮೆಟ್ ಜೊತೆ ಭುಜದ ಪ್ಯಾಡ್. ಆರನೇ ದಿನದಿಂದ ಪೂರ್ತಿ ಕವಚ. ದಿನಕ್ಕೆರಡು ಅಭ್ಯಾಸವೂ ಆರನೇ ದಿನದಿಂದಷ್ಟೇ, ಅದೂ ಸತತ ಎರಡು ದಿನ ಅಲ್ಲ. ಕವಚಕ್ಕೆ ಇಷ್ಟು ಮಹತ್ವ ಏಕೆಂದರೆ ಅದು ಮುಚ್ಚಿದ ಚರ್ಮದಿಂದ ಬೆವರು ಆರುವುದಿಲ್ಲ, ಜೊತೆಗೆ ಅದರ ಭಾರ ಹೊರಲು ಇನ್ನಷ್ಟು ಶಾಖ ಹುಟ್ಟುತ್ತದೆ. ಕ್ರಿಕೆಟ್‌ನ ವಿಕೆಟ್ ಕೀಪರ್, ಹಾಕಿಯ ಗೋಲ್‌ಕೀಪರ್ ಕೂಡ ಇದೇ ಸಾಲಿನವರು. ವಿರಾಮ ಸಿಕ್ಕಾಗಲೆಲ್ಲ ಅವರು ಹೆಲ್ಮೆಟ್, ಕೈಗವಸು ಕಳಚಿಡಬೇಕು.

ತರಬೇತುದಾರರಿಗೆ ಒಂದು ಮಾತು ಕಟುವಾಗಿಯೇ ಹೇಳಬೇಕಾಗಿದೆ. ತಪ್ಪಿಗೆ ಶಿಕ್ಷೆಯೆಂದು ಬಿಸಿಲಲ್ಲಿ ಸುತ್ತು ಹಾಕಿಸುವುದು, ಋತುವಿನ ಮೊದಲ ದಿನವೇ 'ಯಾರಲ್ಲಿ ಎಷ್ಟು ದಮ್ಮಿದೆ ನೋಡೋಣ' ಎಂದು ಓಡಿಸುವುದು, ನೀರು ಕೇಳಿದವರನ್ನು ಹಂಗಿಸುವುದು ಗಟ್ಟಿತನ ಬೆಳೆಸುವುದಿಲ್ಲ. ಇವು ಜೀವ ತೆಗೆಯುತ್ತವೆ. ತಂಡದಲ್ಲಿ ಹಿಂದೆ ಬೀಳುವ, ಮೈಭಾರದ, ಮಾತಾಡದೆ ಸಹಿಸುವ ಆಟಗಾರನೇ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುತ್ತಾನೆ. ಉಳಿದವರಿಗೆ ಸಲೀಸಾದ ವೇಗ ಅವನಿಗೆ ಪೂರ್ಣ ಶಕ್ತಿಯ ಕೆಲಸ. ಮೈ ದೊಡ್ಡದಾದಷ್ಟೂ ಹುಟ್ಟುವ ಶಾಖ ಹೆಚ್ಚು, ಆ ಪ್ರಮಾಣದಲ್ಲಿ ಚರ್ಮ ಹೆಚ್ಚುವುದಿಲ್ಲ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಆಟಗಾರ ಕೋರಿ ಸ್ಟ್ರಿಂಗರ್ 2001ರ ಆಗಸ್ಟ್ 1ರಂದು ತೀರಿಕೊಂಡದ್ದು ಹೀಟ್ ಸ್ಟ್ರೋಕ್‌ನಿಂದ, ಋತುವಿಗೆ ಮುಂಚಿನ ಅಭ್ಯಾಸ ಶಿಬಿರದಲ್ಲಿ ಕುಸಿದ ಬಳಿಕ. ಅವರ ಹೆಸರಿನ ಸಂಸ್ಥೆ 2010ರಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಇಂಥ ಸಾವುಗಳನ್ನು ತಡೆಯುವ ಕೆಲಸ ಮಾಡುತ್ತಿದೆ.

ಕೆಲವು ದಿನ ಆಡಲೇಬಾರದು. ಜ್ವರ, ವಾಂತಿ, ಭೇದಿ ಇದ್ದಾಗ ಮತ್ತು ಬಿಟ್ಟ ಮರುದಿನ. ರಾತ್ರಿ ನಿದ್ದೆಗೆಟ್ಟಾಗ ಅಥವಾ ಕುಡಿದಿದ್ದಾಗ. ಮೈಯ ದೊಡ್ಡ ಭಾಗ ಬಿಸಿಲಿಗೆ ಸುಟ್ಟಿದ್ದಾಗ, ಏಕೆಂದರೆ ಸುಟ್ಟ ಚರ್ಮ ಸರಿಯಾಗಿ ಬೆವರುವುದಿಲ್ಲ. ನೆಗಡಿಗೆ ಕೊಡುವ ಕೆಲವು ಆಂಟಿಹಿಸ್ಟಮಿನ್‌ಗಳು ಬೆವರನ್ನು ತಗ್ಗಿಸುತ್ತವೆ, ಮೂತ್ರ ಹೆಚ್ಚಿಸುವ ಮಾತ್ರೆಗಳು ನೀರನ್ನು ಕಳೆಯುತ್ತವೆ, ರಕ್ತದೊತ್ತಡದ ಬೀಟಾ ಬ್ಲಾಕರ್‌ಗಳು ಹೃದಯದ ಬಡಿತ ಏರಲು ಬಿಡುವುದಿಲ್ಲ, ಗಮನಕೊರತೆಗೆ ಕೊಡುವ ಉತ್ತೇಜಕಗಳು ಶಾಖ ಹೆಚ್ಚಿಸುವುದಲ್ಲದೆ ದಣಿವನ್ನು ಮರೆಮಾಚುತ್ತವೆ. ಇವನ್ನು ತೆಗೆದುಕೊಳ್ಳುವವರು ತಾವಾಗಿ ಬಿಡದೆ ವೈದ್ಯರನ್ನು ಕೇಳಿ, ಆಟದ ತೀವ್ರತೆಯನ್ನು ತಗ್ಗಿಸಿಕೊಳ್ಳಬೇಕು.

ನೀರು: ಎಷ್ಟು, ಯಾವಾಗ, ಯಾವಾಗ ಬೇಡ

ದಿನಕ್ಕಿಷ್ಟು ಲೋಟ ಎಂಬ ಲೆಕ್ಕ ಆಟಗಾರರಿಗೆ ಹೊಂದುವುದಿಲ್ಲ. ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್ ಬೆವರು ಹೋದರೆ, ಪಕ್ಕದವರಿಗೆ ಎರಡು ಲೀಟರ್ ಹೋಗಬಹುದು. ನಿಮ್ಮದನ್ನು ನೀವೇ ಅಳೆಯಬೇಕು, ಅದಕ್ಕೆ ಬೇಕಾದದ್ದು ಒಂದು ತಕ್ಕಡಿ. ಆಟಕ್ಕೆ ಮುನ್ನ ಮೂತ್ರ ಮಾಡಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಆಡಿ, ಕುಡಿದದ್ದನ್ನು ಬರೆದಿಟ್ಟುಕೊಳ್ಳಿ. ಮೈ ಒರೆಸಿಕೊಂಡು ಮತ್ತೆ ತೂಗಿ. ಮೊದಲು 62.0 ಕಿಲೋ, ಆಮೇಲೆ 60.9, ನಡುವೆ ಕುಡಿದದ್ದು 500 ಮಿಲಿ ಲೀಟರ್ ಎಂದಾದರೆ, ಬೆವರಿದ್ದು 1.1 ಮತ್ತು 0.5 ಸೇರಿ 1.6 ಲೀಟರ್. ನಡುವೆ ಮೂತ್ರ ಹೋಗಿದ್ದರೆ ಅದನ್ನು ಕಳೆಯಬೇಕು. ತಂಪಿನ ದಿನ, ಬಿಸಿ ದಿನ, ಒಗ್ಗಿದ ಮೇಲೆ, ಹೀಗೆ ಬೇರೆ ಬೇರೆ ಸಲ ಅಳೆದರೆ ಚಿತ್ರ ಸಿಗುತ್ತದೆ.

ಕಳೆದದ್ದನ್ನೆಲ್ಲ ಆಟದ ನಡುವೆಯೇ ತುಂಬಬೇಕಿಲ್ಲ, ಹೊಟ್ಟೆಯೂ ಅಷ್ಟನ್ನು ಹಿಡಿಯುವುದಿಲ್ಲ. ಗುರಿ ಒಂದೇ, ನಷ್ಟ ದೇಹದ ತೂಕದ ಶೇ 2 ಮೀರಬಾರದು. 62 ಕಿಲೋದವರಿಗೆ ಅದು 1.2 ಲೀಟರ್‌ಗೆ ತುಸು ಮೇಲೆ. ಮೇಲಿನ ಆಟಗಾರ ಎರಡು ಗಂಟೆ ಆಡಿದರೆ ಬೆವರು 3.2 ಲೀಟರ್, ಎರಡು ಲೀಟರ್ ಕುಡಿದರೆ ಮಿತಿಯೊಳಗೆ ಉಳಿಯುತ್ತಾನೆ. ಹನ್ನೆರಡು ಹದಿಮೂರು ನಿಮಿಷಕ್ಕೊಮ್ಮೆ ಸುಮಾರು 200 ಮಿಲಿ ಲೀಟರ್. ಆಟಕ್ಕೆ ನಾಲ್ಕು ಗಂಟೆ ಮೊದಲು ಕಿಲೋ ತೂಕಕ್ಕೆ 5ರಿಂದ 7 ಮಿಲಿ ಲೀಟರ್ ಕುಡಿದಿದ್ದರೆ ಹೆಚ್ಚಿನದನ್ನು ಮೂತ್ರವಾಗಿ ಕಳೆಯಲು ಹೊತ್ತು ಸಿಗುತ್ತದೆ. ಆಟ ಮುಗಿದ ಮೇಲೆ, ಮರುದಿನವೂ ಆಡುವುದಿದ್ದರೆ, ಕಡಿಮೆಯಾದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್, ಉಪ್ಪಿರುವ ಊಟದ ಜೊತೆ, ನಿಧಾನವಾಗಿ. ಮರುದಿನ ಬೆಳಗ್ಗೆ ತೂಕ ಹಿಂದಿನ ಮಟ್ಟಕ್ಕೆ ಬಂದಿರದಿದ್ದರೆ, ಮೂತ್ರ ಕಡುಹಳದಿ ಇದ್ದರೆ ತುಂಬಿದ್ದು ಸಾಲದು.

ತುಂಬ ಕುಡಿಯುವುದೂ ಪ್ರಾಣಕ್ಕೆ ಎರವಾಗಬಲ್ಲದು ಎಂಬುದು ಇನ್ನೂ ಎಲ್ಲರಿಗೂ ತಲುಪಿಲ್ಲ. ಬೆವರಿದ್ದಕ್ಕಿಂತ ಹೆಚ್ಚು ನೀರು ಗಂಟೆಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯುತ್ತದೆ, ಮಿದುಳು ಊದಿಕೊಳ್ಳುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಈ ಕೊರತೆ ಕಂಡಿತು. ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲಿ ಇದು ಮುಖ್ಯವಾಗಿ ಕಾಣಿಸಿಕೊಂಡಿತು. ನಾಲ್ಕೈದು ಗಂಟೆ ನಿಧಾನ ಓಡುವವರು, ಪ್ರತಿ ನೀರಿನ ಮೇಜಿನ ಬಳಿಯೂ ನಿಲ್ಲುವವರು ಇದಕ್ಕೆ ಸಿಲುಕುತ್ತಾರೆ. ತಲೆನೋವು, ವಾಂತಿ, ಉಬ್ಬಿದ ಬೆರಳು, ಬಿಗಿಯಾದ ಉಂಗುರ, ಆಮೇಲೆ ಗೊಂದಲ, ಸೆಳವು. ಹೀಗಿದ್ದಾಗ ಇನ್ನಷ್ಟು ನೀರು ಕುಡಿಸುವುದು ಬೆಂಕಿಗೆ ತುಪ್ಪ ಸುರಿದಂತೆ. ಆಟ ಮುಗಿದಾಗ ತೂಕ ಏರಿರಬಾರದು, ಈ ಒಂದು ನಿಯಮ ನೆನಪಿದ್ದರೆ ಸಾಕು.

ಒಂದು ಗಂಟೆಯೊಳಗಿನ ಆಟಕ್ಕೆ ಬರಿ ನೀರು ಸಾಕು. ಅದಕ್ಕಿಂತ ದೀರ್ಘವಾದಾಗ ಲೀಟರಿಗೆ ಸುಮಾರು 60 ಗ್ರಾಂ ಸಕ್ಕರೆ ಮತ್ತು ಒಂದೂವರೆ ಗ್ರಾಂ ಉಪ್ಪು (ಸಮತಟ್ಟು ಕಾಲು ಟೀ ಚಮಚ) ಬೆರೆಸಿದ ತಂಪು ನೀರು ಅಂಗಡಿಯ ಸ್ಪೋರ್ಟ್ಸ್ ಡ್ರಿಂಕ್ ಮಾಡುವ ಕೆಲಸವನ್ನೇ ಮಾಡುತ್ತದೆ. ಸಕ್ಕರೆ ಇದಕ್ಕಿಂತ ತುಂಬ ಹೆಚ್ಚಾದರೆ ಹೊಟ್ಟೆಯಿಂದ ನೀರು ಇಳಿಯುವುದು ನಿಧಾನವಾಗುತ್ತದೆ, ಹೊಟ್ಟೆ ತೊಳಸುತ್ತದೆ. ಒಆರ್‌ಎಸ್‌ನಲ್ಲಿ ಉಪ್ಪು ಹೆಚ್ಚು, ಸಕ್ಕರೆ ಕಡಿಮೆ. ಅದು ಭಾರಿ ಬೆವರಿನ ನಂತರ ತುಂಬಿಕೊಳ್ಳಲು ಸರಿ. ಉಪ್ಪಿನ ಮಾತ್ರೆ ನುಂಗುವ ಅಗತ್ಯ ಹೆಚ್ಚಿನವರಿಗಿಲ್ಲ. ಸ್ನಾಯು ಸೆಳೆತಕ್ಕೆಲ್ಲ ನೀರು ಉಪ್ಪಿನ ಕೊರತೆಯೇ ಕಾರಣ ಎಂಬುದೂ ನಿಜವಲ್ಲ, ದಣಿದ ಸ್ನಾಯುವಿನ ನರಗಳ ಗಲಿಬಿಲಿ ದೊಡ್ಡ ಕಾರಣ. ಆ ಸ್ನಾಯುವನ್ನು ನಿಧಾನ ಹಿಗ್ಗಿಸಿ ಹಿಡಿದರೆ ಬಿಡುತ್ತದೆ.

ಆಟಕ್ಕೆ ಅರ್ಧ ಗಂಟೆ ಮೊದಲು ಕಿಲೋ ತೂಕಕ್ಕೆ ಏಳು ಗ್ರಾಂನಷ್ಟು ಪುಡಿಮಂಜುಗಡ್ಡೆಯ ಪಾನೀಯ ಸೇವಿಸಿದರೆ ಮೈಯೊಳಗಿನ ತಾಪಮಾನ ತುಸು ಇಳಿದು, ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಕುತ್ತಿಗೆಗೆ ತಣ್ಣನೆ ಬಟ್ಟೆ ಸುತ್ತುವುದು, ಪುದೀನದ ಮೆಂಥಾಲ್ ಹಚ್ಚುವುದು ಹಿತವೆನಿಸಿದರೂ ಒಳಗಿನ ತಾಪಮಾನವನ್ನು ಹೆಚ್ಚುಕಡಿಮೆ ಇಳಿಸುವುದಿಲ್ಲ. ಹಿತವೆನಿಸಿತೆಂದು ವೇಗ ಹೆಚ್ಚಿಸಿದರೆ ಅದೇ ಮೋಸ ಮಾಡುತ್ತದೆ.

ಕುಸಿದವರ ಬಳಿ ಮೊದಲು ಕೇಳಬೇಕಾದ ಪ್ರಶ್ನೆ

ಓಟ ಮುಗಿಸಿ ನಿಂತ ಕೂಡಲೇ ತಲೆಸುತ್ತಿ ಬೀಳುವವರು ಬಹಳ. ಕಾಲಿನ ಸ್ನಾಯುಗಳ ಪಂಪು ನಿಂತು ರಕ್ತ ಕಾಲಲ್ಲೇ ಉಳಿಯುವುದು ಇದಕ್ಕೆ ಕಾರಣ. ನೆರಳಿನಲ್ಲಿ ಮಲಗಿಸಿ ಕಾಲು ಎತ್ತಿ ಹಿಡಿದರೆ ಕೆಲವೇ ನಿಮಿಷಕ್ಕೆ ಸರಿಹೋಗುತ್ತದೆ. ಶಾಖದ ಬಳಲಿಕೆಯಲ್ಲಿ ನಿಶ್ಶಕ್ತಿ, ವಾಕರಿಕೆ, ತಲೆನೋವು, ಬಿಳಿಚಿಕೊಂಡ ಒದ್ದೆ ಮೈ ಇರುತ್ತವೆ, ಆದರೆ ಮನಸ್ಸು ಸ್ವಾಧೀನದಲ್ಲಿರುತ್ತದೆ. ಆಟ ನಿಲ್ಲಿಸಿ, ತಂಪಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಒದ್ದೆ ಮಾಡಿ ಗಾಳಿ ಹಾಕಿ, ಗುಟುಕು ಗುಟುಕಾಗಿ ಕುಡಿಸಬೇಕು. ಆ ದಿನ ಮತ್ತೆ ಆಡಬಾರದು.

ಹೀಟ್ ಸ್ಟ್ರೋಕ್ ಬೇರೆಯೇ. ಒಳಗಿನ ತಾಪಮಾನ 40 ಡಿಗ್ರಿ ದಾಟಿರುತ್ತದೆ, ಮಿದುಳು ತಪ್ಪುತ್ತಿರುತ್ತದೆ. ಕೇಳಬೇಕಾದದ್ದು ಸರಳ: ಇವತ್ತು ಯಾವ ವಾರ, ಯಾರ ವಿರುದ್ಧ ಆಡುತ್ತಿದ್ದೀ, ಅಂಕ ಎಷ್ಟಾಗಿದೆ? ಉತ್ತರ ತಡವರಿಸಿದರೆ, ಅಸಂಬದ್ಧವಾದರೆ, ಸೌಮ್ಯ ಸ್ವಭಾವದವರು ಕಾರಣವಿಲ್ಲದೆ ರೇಗಿದರೆ, ನಡಿಗೆ ವಾಲಿದರೆ, ಅದು ಹೀಟ್ ಸ್ಟ್ರೋಕ್ ಎಂದೇ ನಡೆದುಕೊಳ್ಳಬೇಕು. ಮೈ ಒಣಗಿರಬೇಕು ಎಂಬ ಹಳೆಯ ಪಾಠ ಆಟಗಾರರಿಗೆ ಅನ್ವಯಿಸುವುದಿಲ್ಲ, ಅವರು ಬೆವರಿನಲ್ಲಿ ತೊಯ್ದಿರುತ್ತಾರೆ. ನಡುವೆ ಸ್ವಲ್ಪ ಹೊತ್ತು ಎಚ್ಚೆತ್ತು ಸರಿಯಾಗಿ ಮಾತಾಡಿ ಮತ್ತೆ ಕುಸಿಯುವುದೂ ಉಂಟು. ಹಣೆ, ಕಿವಿ, ಬಾಯಿ, ಕಂಕುಳಿನ ತಾಪಮಾಪಕಗಳು ಈ ಹೊತ್ತಿನಲ್ಲಿ ಸುಳ್ಳು ಹೇಳುತ್ತವೆ. ನಂಬಬಹುದಾದದ್ದು ತರಬೇತಾದವರು ಗುದದ್ವಾರದಲ್ಲಿ ನೋಡಿದ ತಾಪಮಾನ ಮಾತ್ರ. ಅತಿನೀರಿನ ಸೋಡಿಯಂ ಕೊರತೆಯಿಂದ ಬಂದ ಗೊಂದಲವನ್ನು ಬೇರ್ಪಡಿಸುವುದೂ ಇದೇ. ಅಳೆಯಲು ಆಗದಿದ್ದರೆ ಅದಕ್ಕಾಗಿ ಕಾಯದೆ ತಣಿಸಲು ಶುರುಮಾಡಬೇಕು.

ಮೊದಲು ತಣಿಸಿ, ಆಮೇಲೆ ಸಾಗಿಸಿ. ಆಂಬುಲೆನ್ಸ್‌ಗೆ ಒಬ್ಬರು ಕರೆ ಮಾಡುತ್ತಿರುವಾಗಲೇ ಉಳಿದವರು ಹೆಲ್ಮೆಟ್, ಪ್ಯಾಡ್, ಶೂ ಕಳಚಿ ಆಟಗಾರನನ್ನು ಮಂಜುಗಡ್ಡೆ ನೀರಿನ ತೊಟ್ಟಿಗೆ ಕುತ್ತಿಗೆಯವರೆಗೆ ಇಳಿಸಬೇಕು. ಕಂಕುಳ ಕೆಳಗೆ ಟವೆಲ್ ಹಾಯಿಸಿ ಹಿಂದಿನಿಂದ ಒಬ್ಬರು ಹಿಡಿದಿದ್ದರೆ ತಲೆ ನೀರೊಳಗೆ ಜಾರುವುದಿಲ್ಲ. ನೀರು 15 ಡಿಗ್ರಿಗಿಂತ ತಣ್ಣಗಿರಲಿ, ಕೈಯಿಂದ ಕಲಕುತ್ತಲೇ ಇರಿ. ಕಲಕದಿದ್ದರೆ ಚರ್ಮದ ಪಕ್ಕದ ನೀರು ಬೆಚ್ಚಗಾಗಿ ತಡೆಯಾಗುತ್ತದೆ. ನಡುಗಿದರೂ, ಕೊಸರಾಡಿದರೂ ಹೊರತೆಗೆಯಬೇಡಿ. ಹೀಗೆ ನಿಮಿಷಕ್ಕೆ ಸುಮಾರು 0.2 ಡಿಗ್ರಿ ಇಳಿಯುತ್ತದೆ, ಅಂದರೆ 42ರಿಂದ 39ಕ್ಕೆ ಹದಿನೈದು ನಿಮಿಷ. 38.9ಕ್ಕೆ ಇಳಿದಾಗ ಹೊರತೆಗೆಯಬೇಕು, ಇಲ್ಲದಿದ್ದರೆ ಆಮೇಲೂ ಇಳಿಯುತ್ತ ಹೋಗಿ ತೀರ ತಣ್ಣಗಾಗಬಹುದು. ಅಳೆಯುವ ಸಾಧನವಿಲ್ಲದಿದ್ದರೆ ಹತ್ತರಿಂದ ಹದಿನೈದು ನಿಮಿಷ, ಅಥವಾ ಸಹಾಯ ಬರುವವರೆಗೆ. ಕುಸಿದ ಅರ್ಧ ಗಂಟೆಯೊಳಗೆ ತಾಪಮಾನ ಇಳಿದರೆ ಬದುಕುಳಿಯುವ ಸಾಧ್ಯತೆ ತುಂಬ ಹೆಚ್ಚು. ಆಗಸ್ಟ್‌ನ ಸೆಕೆಯಲ್ಲಿ ನಡೆಯುವ ಅಮೆರಿಕದ ಏಳು ಮೈಲಿಯ ಫಾಲ್ಮತ್ ರಸ್ತೆ ಓಟದಲ್ಲಿ 18 ವರ್ಷಗಳಲ್ಲಿ 274 ಹೀಟ್ ಸ್ಟ್ರೋಕ್ ರೋಗಿಗಳನ್ನು ಹೀಗೆ ಸ್ಥಳದಲ್ಲೇ ತಣ್ಣೀರಿನಲ್ಲಿ ತಣಿಸಲಾಯಿತು. ಒಬ್ಬರೂ ಸಾಯಲಿಲ್ಲ. ಅದು ಗಿಡ್ಡ, ವೇಗದ ಓಟ ಎಂಬುದನ್ನೂ ಮರೆಯಬಾರದು: ಅಲ್ಲಿ ಜನ ಕುಸಿಯುವುದು ನೀರು ಕಳೆದು ಅಲ್ಲ, ಶಾಖ ತುಂಬಿ.

ತೊಟ್ಟಿ ಇಲ್ಲವೇ? ಗಟ್ಟಿ ಟಾರ್ಪಾಲಿನ ಮೇಲೆ ಮಲಗಿಸಿ, ನಾಲ್ಕಾರು ಜನ ಅಂಚೆತ್ತಿ ಹಿಡಿದು, 100ರಿಂದ 150 ಲೀಟರ್ ಮಂಜು ನೀರು ಸುರಿದು ಅತ್ತಿತ್ತ ತೂಗಬೇಕು. ಅದೂ ಸಾಧ್ಯವಿಲ್ಲದಿದ್ದರೆ ಮಂಜು ನೀರಿನಲ್ಲಿ ಅದ್ದಿದ ಟವೆಲ್‌ಗಳಿಂದ ಇಡೀ ಮೈ ಮುಚ್ಚಿ ಎರಡು ಮೂರು ನಿಮಿಷಕ್ಕೊಮ್ಮೆ ಬದಲಿಸುತ್ತ, ಮೇಲೆ ನೀರು ಸುರಿಯುತ್ತ, ಗಾಳಿ ಹಾಕಬೇಕು. ಕಂಕುಳು, ತೊಡೆಸಂದಿಗೆ ನಾಲ್ಕು ಮಂಜುಗಡ್ಡೆ ಚೀಲ ಇಟ್ಟು ಕಾಯುವುದು ಸಾಲದು. ಪ್ಯಾರಾಸಿಟಮಾಲ್, ಆಸ್ಪಿರಿನ್ ಕೊಡಬಾರದು. ಇದು ಜ್ವರವಲ್ಲ, ಅವು ಕೆಲಸ ಮಾಡುವುದಿಲ್ಲ, ಯಕೃತ್ತಿಗೂ ರಕ್ತಕ್ಕೂ ಹಾನಿ ಹೆಚ್ಚಿಸಬಹುದು. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದು. ಉಸಿರು ನಿಂತಿದ್ದರೆ ಎದೆ ಒತ್ತುವುದು ಮೊದಲು.

ಇದೆಲ್ಲ ನಡೆಯುವುದು ತೊಟ್ಟಿ, ಮಂಜುಗಡ್ಡೆ, ಟಾರ್ಪಾಲು, ಹತ್ತಾರು ಟವೆಲ್ ಮೈದಾನದಲ್ಲಿ ಮೊದಲೇ ಇದ್ದರೆ ಮಾತ್ರ. ತೊಟ್ಟಿಗೆ ಆಟ ಶುರುವಾಗುವ ಮುನ್ನವೇ ಅರ್ಧ ನೀರು ತುಂಬಿರಬೇಕು, ಯಾರು ಕರೆ ಮಾಡುತ್ತಾರೆ, ಯಾರು ಗೇಟಿನ ಬಳಿ ನಿಲ್ಲುತ್ತಾರೆ, ಯಾರು ತಲೆ ಹಿಡಿಯುತ್ತಾರೆ ಎಂಬುದು ಮೊದಲೇ ನಿಗದಿಯಾಗಿರಬೇಕು.

ಬದುಕುಳಿದವರನ್ನು ವಾರದೊಳಗೆ ಮೈದಾನಕ್ಕೆ ಎಳೆಯುವ ಆತುರವೂ ಕೆಡುಕೇ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹೇಳುವಂತೆ, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಕನಿಷ್ಠ ಏಳು ದಿನ ಯಾವ ವ್ಯಾಯಾಮವೂ ಬೇಡ. ಸುಮಾರು ಒಂದು ವಾರಕ್ಕೆ ವೈದ್ಯರು ಯಕೃತ್ತು, ಮೂತ್ರಪಿಂಡ, ಸ್ನಾಯು ಕಿಣ್ವಗಳ ರಕ್ತಪರೀಕ್ಷೆ ನೋಡಬೇಕು. ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದ್ದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗುತ್ತಿದೆ ಎಂದರ್ಥ, ಅದಕ್ಕೆ ಅಂದೇ ಚಿಕಿತ್ಸೆ ಬೇಕು. ಪರೀಕ್ಷೆಗಳು ಸರಿಯಿದ್ದರೆ ತಂಪು ಜಾಗದಲ್ಲಿ ಹಗುರ ವ್ಯಾಯಾಮದಿಂದ ಶುರುಮಾಡಿ, ಎರಡು ವಾರಗಳಲ್ಲಿ ಅವಧಿ, ತೀವ್ರತೆ, ಶಾಖವನ್ನು ಹಂತಹಂತವಾಗಿ ಹೆಚ್ಚಿಸಬೇಕು. ಪೂರ್ತಿ ಅಭ್ಯಾಸವನ್ನು ಎರಡರಿಂದ ನಾಲ್ಕು ವಾರ ತೊಂದರೆಯಿಲ್ಲದೆ ತಾಳಿಕೊಂಡ ಮೇಲಷ್ಟೇ ಪಂದ್ಯ.